ಏಜ್ ಆಫ್ ಎಂಪೈರ್ಸ್ 2: ಮೊದಲ ಗೆಲುವಿನವರೆಗೆ, ಹಂತ ಹಂತವಾಗಿ

ಏಜ್ ಆಫ್ ಎಂಪೈರ್ಸ್ 2 ಅಂದರೆ ಒಂದು ನಾಗರಿಕತೆಯನ್ನು ಆರಿಸಿಕೊಂಡು, ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಕಂಪ್ಯೂಟರ್ ಆಟ. ಇದನ್ನು ಆಡಲು ಶುರು ಮಾಡಿದವರು ಕೇಳುವುದು ಹೆಚ್ಚುಕಡಿಮೆ ಎರಡೇ ಪ್ರಶ್ನೆ. "ನಾನಿನ್ನೂ ಮನೆ ಕಟ್ತಾ ಇರ್ತೀನಿ, ಅಷ್ಟರಲ್ಲಿ ಎದುರಾಳಿ ಕುದುರೆ ದಂಡು ನುಗ್ಗಿಸಿಬಿಡ್ತಾನೆ, ಅವನಿಗೆ ಅಷ್ಟು ಬೇಗ ಹೇಗೆ ಸಾಧ್ಯ?" ಇದು ಮೊದಲನೆಯದು. "ಯಾವ ನಾಗರಿಕತೆ ತಗೊಂಡ್ರೆ ಗೆಲ್ಲಬಹುದು?" ಇದು ಎರಡನೆಯದು.

ಎರಡನೆಯದಕ್ಕೆ ಆಮೇಲೆ ಬರೋಣ, ಅದು ಅಷ್ಟೇನೂ ಮುಖ್ಯ ಅಲ್ಲ. ಮೊದಲನೆಯದಕ್ಕೆ ಉತ್ತರ ಇಷ್ಟೇ: ಅವನು ನಿಮಗಿಂತ ವೇಗವಾಗಿ ಮೌಸ್ ಓಡಿಸುತ್ತಿಲ್ಲ. ಅವನ ಟೌನ್ ಸೆಂಟರ್, ಅಂದರೆ ಕೆಲಸಗಾರರನ್ನು ತಯಾರಿಸುವ ಊರಿನ ನಡುಮನೆ, ಒಂದು ಕ್ಷಣವೂ ಸುಮ್ಮನೆ ಕೂತಿಲ್ಲ, ನಿಮ್ಮದು ಕೂತಿದೆ. ಹೊಸಬರು ಯುದ್ಧದಲ್ಲಿ ಸೋಲುವುದು ಕಡಿಮೆ. ಸೈನಿಕರು ಮುಖಾಮುಖಿಯಾಗುವ ಹೊತ್ತಿಗೆ ಸೋಲು ಆಗಲೇ ಖಾತ್ರಿಯಾಗಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ಯುದ್ಧಕ್ಕಿಂತ ಕುರಿ, ಮರ, ಹೊಲಗಳ ಮಾತೇ ಜಾಸ್ತಿ ಬರುತ್ತದೆ. ಬೇಸರ ಮಾಡ್ಕೋಬೇಡಿ.

ಶುರು ಮಾಡುವ ಮೊದಲು ಏನೇನು ಬೇಕು

ಈ ಆಟ ಮೊದಲು ಬಂದದ್ದು 1999ರಲ್ಲಿ. ಈಗ ಆಡಬೇಕಾದದ್ದು 2019ರಲ್ಲಿ ಬಂದ ಡೆಫಿನಿಟಿವ್ ಎಡಿಷನ್. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲೂ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೂ ಸಿಗುತ್ತದೆ. ತುರ್ತು ಇಲ್ಲದಿದ್ದರೆ ಸೇಲ್ ಬರುವವರೆಗೆ ಕಾಯಿರಿ, ಸ್ಟೀಮ್‌ನಲ್ಲಿ ಆಗಾಗ ಬೆಲೆ ಇಳಿಯುತ್ತದೆ. ಮೂಲ ಆಟ ಒಂದೇ ಸಾಕು. ಹೆಚ್ಚುವರಿ ನಾಗರಿಕತೆಗಳ ಪ್ಯಾಕ್‌ಗಳನ್ನು ಮೊದಲ ದಿನವೇ ಕೊಳ್ಳುವುದು ದುಡ್ಡು ದಂಡ.

ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು ಅಂತೇನಿಲ್ಲ. ಉಚಿತವಾಗಿ ಕೊಡುವ 'ಎನ್‌ಹಾನ್ಸ್ಡ್ ಗ್ರಾಫಿಕ್ಸ್' ಪ್ಯಾಕ್ ಅನ್ನು ಸಾಧಾರಣ ಲ್ಯಾಪ್‌ಟಾಪ್‌ಗೆ ಹಾಕಬೇಡಿ. ಜಾಗ ತಿನ್ನುತ್ತದೆ, ಆಟವನ್ನೂ ನಿಧಾನ ಮಾಡುತ್ತದೆ. ಆದರೆ ಮೌಸ್ ಮಾತ್ರ ಬೇಕೇ ಬೇಕು. ಟಚ್‌ಪ್ಯಾಡ್‌ನಲ್ಲಿ ಈ ಆಟ ಆಡುವುದು ಅಂದರೆ ಸುಮ್ನೆ ಕೈನೋವು.

ಭಾಷೆಯ ಪಟ್ಟಿಯಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಹಾಗಾಗಿ ಇಲ್ಲಿ ಕಟ್ಟಡಗಳ ಹೆಸರನ್ನು ತೆರೆಯ ಮೇಲೆ ಕಾಣುವ ಹಾಗೇ ಬರೆದಿದ್ದೇನೆ.

ದುಡ್ಡು ಹಾಕಲು ಮನಸ್ಸಿಲ್ಲದವರಿಗೆ 'ಝೀರೋ ಎ.ಡಿ.' ಎಂಬ ಪೂರ್ತಿ ಉಚಿತ ಆಟವಿದೆ. ಲಿನಕ್ಸ್‌ನಲ್ಲೂ ಓಡುತ್ತದೆ, ಅದರಲ್ಲಿ ಮೌರ್ಯರೂ ಇದ್ದಾರೆ. ಕೆಳಗಿನ ಲೆಕ್ಕಗಳು ಅದಕ್ಕೆ ಹೊಂದುವುದಿಲ್ಲ, ಆದರೆ ಆಡುವ ರೀತಿ ಇದೇ.

ಹಂತ 1: ನಾಲ್ಕು ಸಂಪನ್ಮೂಲ, ನಾಲ್ಕು ಯುಗ

ತೆರೆಯ ಮೇಲ್ಗಡೆ ನಾಲ್ಕು ಅಂಕಿ ಕಾಣುತ್ತವೆ: ಮರ, ಆಹಾರ, ಚಿನ್ನ, ಕಲ್ಲು. ಸಾಮಾನ್ಯ ಪಂದ್ಯದಲ್ಲಿ 200 ಮರ, 200 ಆಹಾರ, 100 ಚಿನ್ನ, 200 ಕಲ್ಲಿನೊಂದಿಗೆ ಆಟ ಶುರುವಾಗುತ್ತದೆ. ಜೊತೆಗೆ ಒಂದು ಟೌನ್ ಸೆಂಟರ್, ಮೂವರು ವಿಲೇಜರ್, ಒಬ್ಬ ಸ್ಕೌಟ್. ಟೌನ್ ಸೆಂಟರ್‌ಗೆ ಎಲ್ಲರೂ ಟಿಸಿ ಅಂತಾರೆ. ವಿಲೇಜರ್ ಅಂದರೆ ಕಡಿಯುವ, ಕಟ್ಟುವ, ಉಳುವ ಕೆಲಸಗಾರ. ಸ್ಕೌಟ್ ಅಂದರೆ ಸುತ್ತಾಡಿ ನೋಡಿಬರುವ ಸವಾರ. ಕೆಲವು ನಾಗರಿಕತೆಗಳಿಗೆ ಈ ಲೆಕ್ಕ ಸ್ವಲ್ಪ ಬೇರೆ.

ಯುಗಗಳು ನಾಲ್ಕು: ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್. ಫ್ಯೂಡಲ್‌ಗೆ ಹೋಗಲು 500 ಆಹಾರ ಬೇಕು. ಕ್ಯಾಸಲ್‌ಗೆ 800 ಆಹಾರ, 200 ಚಿನ್ನ. ಇಂಪೀರಿಯಲ್‌ಗೆ 1000 ಆಹಾರ, 800 ಚಿನ್ನ. ಸಾಮಾನ್ಯವಾಗಿ ಪ್ರತಿ ಸಲವೂ ಈಗಿರುವ ಯುಗದ ಎರಡು ಕಟ್ಟಡಗಳನ್ನು ಕಟ್ಟಿರಬೇಕು. ಇಲ್ಲೊಂದು ಎಡವಟ್ಟು ಆಗುತ್ತದೆ: ಮನೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಐದು ಮನೆ ಕಟ್ಟಿ, 500 ಆಹಾರ ಕೂಡಿಟ್ಟು, ಬಟನ್ ಯಾಕೆ ಒತ್ತಕ್ಕಾಗ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ ಜನ. ಮಿಲ್ (ಆಹಾರ ತಂದು ಹಾಕುವ ಜಾಗ) ಮತ್ತು ಲಂಬರ್ ಕ್ಯಾಂಪ್ (ಕಡಿದ ಮರ ತಂದು ಹಾಕುವ ಜಾಗ) ಇದ್ದರೆ ಫ್ಯೂಡಲ್‌ಗೆ ಸಾಕು.

ಹಂತ 2: ಕೀಬೋರ್ಡ್ ಅಭ್ಯಾಸ

ಹಾಟ್‌ಕೀ ಅಂದರೆ ಮೌಸ್ ಬದಲು ಒಂದೇ ಕೀ ಒತ್ತಿ ಮಾಡುವ ಕೆಲಸ. ನೂರಾರು ಇವೆ, ಮೊದಲ ವಾರಕ್ಕೆ ನಾಲ್ಕು ಸಾಕು.

'ಎಚ್' ಒತ್ತಿದರೆ ಟಿಸಿ ಸೆಲೆಕ್ಟ್ ಆಗುತ್ತದೆ. ಆಮೇಲೆ 'ಕ್ಯೂ' ಒತ್ತಿದರೆ ಒಬ್ಬ ವಿಲೇಜರ್ ತಯಾರಾಗಲು ಶುರು. ಫುಲ್‌ಸ್ಟಾಪ್ ಕೀ ಒತ್ತಿದರೆ ಕೆಲಸ ಇಲ್ಲದೆ ನಿಂತಿರುವ ವಿಲೇಜರ್ ಸಿಗುತ್ತಾನೆ. ಸೈನಿಕರ ಗುಂಪನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್ ಜೊತೆ 1 ಒತ್ತಿದರೆ, ಮುಂದೆ ಯಾವಾಗ 1 ಒತ್ತಿದರೂ ಆ ಗುಂಪು ಕೈಗೆ ಬರುತ್ತದೆ. ನಿಮ್ಮ ಸೆಟ್ಟಿಂಗ್‌ನಲ್ಲಿ ಕೀ ಬೇರೆ ಇದ್ದರೆ ಆಪ್ಷನ್ಸ್‌ಗೆ ಹೋಗಿ ಬದಲಾಯಿಸಿಕೊಳ್ಳಬಹುದು.

'ಎಚ್', 'ಕ್ಯೂ' ಇವೆರಡು ಬೆರಳಿಗೆ ಕೂರಬೇಕು. ಹಂದಿ ಅಟ್ಟಿಸಿಕೊಂಡು ಬರುತ್ತಿರಲಿ, ಶತ್ರು ಬಾಗಿಲಲ್ಲಿ ನಿಂತಿರಲಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಎಚ್, ಕ್ಯೂ. ಒಬ್ಬ ವಿಲೇಜರ್‌ಗೆ 50 ಆಹಾರ, 25 ಸೆಕೆಂಡ್. ಆಟದ ಗಡಿಯಾರ ಮಾಮೂಲಿ ವೇಗದಲ್ಲಿ 1.7 ಪಟ್ಟು ಜೋರಾಗಿ ಓಡುವುದರಿಂದ ನಿಮ್ಮ ಕೈಗಡಿಯಾರದಲ್ಲಿ ಅದು ಸುಮಾರು 15 ಸೆಕೆಂಡ್ ಅಷ್ಟೇ. ಮುಂದೆ ಹೇಳುವ ನಿಮಿಷಗಳೆಲ್ಲ ಆಟದ ಗಡಿಯಾರದವು.

ಆದರೆ ಶಿಫ್ಟ್ ಹಿಡಿದು ಒಂದೇ ಸಲಕ್ಕೆ ಐವರನ್ನು ಸಾಲಿಗೆ ಹಾಕುವ ಚಟ ಬೇಡ. ಸಾಲಿಗೆ ಹಾಕಿದ ಕೂಡಲೇ ಐವರ ಆಹಾರವೂ ಕಟ್ ಆಗುತ್ತದೆ, ಹುಟ್ಟುವುದು ಮಾತ್ರ ಒಬ್ಬೊಬ್ಬರಾಗಿ. ಶುರುವಿನ 200 ಆಹಾರಕ್ಕೆ ಬೇರೆ ಖರ್ಚಿಲ್ಲ, ಆಗ ನಾಲ್ವರನ್ನು ಹಾಕಿಬಿಡಿ. ಆಮೇಲೆ ಒಬ್ಬರು, ಹೆಚ್ಚೆಂದರೆ ಇಬ್ಬರು.

ಹಂತ 3: ಮೊದಲ ಹತ್ತು ನಿಮಿಷ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಯಾರನ್ನು ಯಾವಾಗ ಯಾವ ಕೆಲಸಕ್ಕೆ ಹಾಕಬೇಕು ಅನ್ನುವ ಪಟ್ಟಿಗೆ ಆಟಗಾರರು 'ಬಿಲ್ಡ್ ಆರ್ಡರ್' ಅಂತಾರೆ. ಹೊಸಬರಿಗೆ ಹೊಂದುವ ಒಂದು ಬಿಲ್ಡ್ ಆರ್ಡರ್ ಹೀಗಿದೆ.

ಆಟ ಶುರುವಾದ ತಕ್ಷಣ ಎಚ್, ಕ್ಯೂ, ಕ್ಯೂ, ಕ್ಯೂ, ಕ್ಯೂ. ಇರುವ ಮೂವರಲ್ಲಿ ಇಬ್ಬರು ಸೇರಿ ಒಂದು ಮನೆ, ಇನ್ನೊಬ್ಬ ಇನ್ನೊಂದು ಮನೆ. ಒಂದು ಮನೆಗೆ 25 ಮರ, ಅದರಿಂದ ಐವರಿಗೆ ಜಾಗ. ಯಾಕಿಷ್ಟು ಆತುರ ಅಂದರೆ, ಟಿಸಿ ಕೊಡುವ ಜಾಗ ಐವರಿಗೆ ಮಾತ್ರ, ಅದರಲ್ಲಿ ನಾಲ್ವರು ಆಗಲೇ ಇದ್ದಾರೆ. ಮನೆ ಇಲ್ಲದಿದ್ದರೆ ಎರಡನೇ ವಿಲೇಜರ್ ಹುಟ್ಟುವುದೇ ಇಲ್ಲ.

ಸ್ಕೌಟ್‌ನನ್ನು ಟಿಸಿ ಸುತ್ತ ಸುತ್ತಿಸಿ. ಮೊದಲು ಸಿಗಬೇಕಾದದ್ದು ಕುರಿಗಳು. ನಾಲ್ಕು ಹತ್ತಿರದಲ್ಲೇ ಇರುತ್ತವೆ, ಇನ್ನು ನಾಲ್ಕು ಸ್ವಲ್ಪ ದೂರದಲ್ಲಿ ಎರಡೆರಡಾಗಿ ಇರುತ್ತವೆ. ಬೇಗ ಹುಡುಕಿ, ಎದುರಾಳಿಯ ಸ್ಕೌಟ್‌ಗೆ ಸಿಕ್ಕರೆ ಅವು ಅವನ ಕುರಿಗಳಾಗುತ್ತವೆ. ಆಟೋ ಸ್ಕೌಟ್ ಬಟನ್ ಇದೆ, ಮೊದಲ ಕೆಲವು ಆಟಗಳಲ್ಲಿ ಬಳಸಿದರೆ ತಪ್ಪಿಲ್ಲ.

ಮೊದಲ 6 ಜನ ಕುರಿಗೆ. ಕುರಿಗಳನ್ನು ಟಿಸಿಯ ಬುಡಕ್ಕೇ ಕರೆತನ್ನಿ, ಆಗ ಹೊತ್ತು ನಡೆಯುವ ಕೆಲಸ ಇರುವುದಿಲ್ಲ. ಒಂದು ಸಲಕ್ಕೆ ಒಂದೇ ಕುರಿ ಕಡಿಯಿರಿ. ಸತ್ತ ಕುರಿಯ ಮಾಂಸ ಕೊಳೆಯುತ್ತಾ ಹೋಗುತ್ತದೆ, ನಾಲ್ಕನ್ನೂ ಒಟ್ಟಿಗೆ ಕಡಿದರೆ ಅರ್ಧ ಮಣ್ಣುಪಾಲು.

7ರಿಂದ 10ನೆಯವರು ಮರಕ್ಕೆ. ಏಳನೆಯವನು ಕಾಡಿನ ಅಂಚಿಗೆ ಅಂಟಿಕೊಂಡಂತೆ ಲಂಬರ್ ಕ್ಯಾಂಪ್ ಕಟ್ಟಲಿ, 100 ಮರ. ಒಂಟಿ ಮರಗಳ ಪಕ್ಕ ಕಟ್ಟಬೇಡಿ, ದಟ್ಟ ಕಾಡು ನೋಡಿ ಕಟ್ಟಿ.

11ನೆಯವನು ಕಾಡುಹಂದಿಗೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೊಸಬರಲ್ಲಿ ಬಹಳ ಜನ ಹೆದರಿ ಹಂದಿಯನ್ನು ಬಿಟ್ಟೇಬಿಡುತ್ತಾರೆ. ಒಂದು ಹಂದಿಯಲ್ಲಿ 340 ಆಹಾರ ಇದೆ, ಕುರಿಯಲ್ಲಿ 100. ಅಂತಹ ಎರಡು ಹಂದಿ ನಿಮ್ಮ ಊರಿನ ಹತ್ತಿರವೇ ಇರುತ್ತವೆ. ಬಿಟ್ಟರೆ ಏಳು ಕುರಿಯಷ್ಟು ಆಹಾರ ಬಿಟ್ಟ ಹಾಗೆ.

ಒಬ್ಬ ವಿಲೇಜರ್ ಹಂದಿಯ ಹತ್ತಿರ ಹೋಗಿ ಬಾಣ ಬಿಡಬೇಕು. ಹಂದಿ ತಿರುಗಿತು ಅಂದ ಕೂಡಲೇ ಟಿಸಿ ಕಡೆ ಓಡಿಸಿ. ಅಲ್ಲೇ ನಿಂತು ಹೋರಾಡಿಸಿದರೆ ಅವನು ಸತ್ತ ಅಂತಲೇ ಲೆಕ್ಕ: ಅವನ ಪ್ರಾಣ 25 ಅಂಕ, ಹಂದಿಯದು 75. ಓಡುವಾಗ ದಾರಿಯಲ್ಲಿ ಮನೆ, ಮರ ಅಡ್ಡ ಇಲ್ಲದಂತೆ ನೋಡಿಕೊಳ್ಳಿ. ಅಡ್ಡ ಸಿಕ್ಕಿ ಒಂದು ಸಲ ತಡವರಿಸಿದರೂ ಹಂದಿ ತಿವಿಯುತ್ತದೆ. ಟಿಸಿ ಹತ್ತಿರ ಬಂದ ಮೇಲೆ ಕುರಿ ಕಡಿಯುತ್ತಿದ್ದ ಆರೂ ಜನರನ್ನು ಹಂದಿಯ ಮೇಲೆ ಬಿಡಿ. ಅದು ಬಿದ್ದಮೇಲೆ ಎಲ್ಲರೂ ಅದನ್ನೇ ಖಾಲಿ ಮಾಡಲಿ. ಓಡಿಬಂದವನು ತುಂಬ ಗಾಯಗೊಂಡಿದ್ದರೆ ಟಿಸಿ ಒಳಗೆ ಸೇರಿಸಿಬಿಡಿ. ಮೊದಲ ಹಂದಿ ಮುಗಿಯುತ್ತಾ ಬಂದಾಗ ಇನ್ನೊಬ್ಬನನ್ನು ಎರಡನೆಯದಕ್ಕೆ ಕಳಿಸಿ. ಹೋಗಿಬಂದ ಗಾಯಾಳುವನ್ನೇ ಮತ್ತೆ ಕಳಿಸಬೇಡಿ.

12ರಿಂದ 15ನೆಯವರು ಬೆರ್ರಿ ಹಣ್ಣಿನ ಪೊದೆಗೆ. ಪೊದೆಯ ಪಕ್ಕ ಮಿಲ್ ಕಟ್ಟಿ, 100 ಮರ. ಹೋಗುವ ದಾರಿಯಲ್ಲಿ ಒಬ್ಬನ ಕೈಲಿ ಇನ್ನೊಂದು ಮನೆ ಕಟ್ಟಿಸಿ, ಈ ಹೊತ್ತಿಗೆ ಮೊದಲ ಎರಡು ಮನೆ ತುಂಬುತ್ತಾ ಬಂದಿರುತ್ತವೆ. 16, 17ನೆಯವರು ಟಿಸಿ ಬುಡದ ಮಾಂಸಕ್ಕೆ. ಅಲ್ಲಿಂದ 24ರವರೆಗೆ ಬಂದವರೆಲ್ಲ ಮರಕ್ಕೆ, ಬೇರೆ ಕಡೆ ಇನ್ನೊಂದು ಲಂಬರ್ ಕ್ಯಾಂಪ್ ಕಟ್ಟಿ. ಕುರಿ, ಹಂದಿ ಮುಗಿಯುತ್ತಿದ್ದಂತೆ ಅಲ್ಲಿದ್ದವರಿಂದ ಒಂದೊಂದೇ ಹೊಲ ಮಾಡಿಸಿ. ಹೊಲಕ್ಕೆ 60 ಮರ ಬೇಕು, ಅದನ್ನು ಟಿಸಿಗೆ ಅಂಟಿದಂತೆ ಹಾಕಿ.

24 ಆದಮೇಲೆ ಟಿಸಿಯಲ್ಲಿ 'ಲೂಮ್' ಒತ್ತಿ, 50 ಚಿನ್ನ. ಇದು ವಿಲೇಜರ್‌ಗಳ ಪ್ರಾಣವನ್ನು 25ರಿಂದ 40ಕ್ಕೆ ಏರಿಸುತ್ತದೆ. ಹಂದಿಗೆ ತುಂಬ ಹೆದರಿಕೆ ಇದ್ದರೆ ಲೂಮನ್ನು ಹಂದಿಗಿಂತ ಮೊದಲೇ ಮಾಡಿಕೊಳ್ಳಿ, ನಷ್ಟ ಒಬ್ಬ ವಿಲೇಜರ್‌ನಷ್ಟೇ. ಆಮೇಲೆ ಫ್ಯೂಡಲ್ ಬಟನ್. ಎಲ್ಲೂ ಟಿಸಿ ನಿಲ್ಲದೆ ಹೋದರೆ ಇದೆಲ್ಲ ಒಂಬತ್ತೂವರೆ ನಿಮಿಷಕ್ಕೆ ಮುಗಿಯುತ್ತದೆ. ಮೊದಮೊದಲು 12, 13 ನಿಮಿಷ ಆಗಬಹುದು, ಪರವಾಗಿಲ್ಲ. ಪಳಗಿದವರು 21 ಜನಕ್ಕೇ, ಎಂಟು ನಿಮಿಷದ ಹೊತ್ತಿಗೇ ಬಟನ್ ಒತ್ತುತ್ತಾರೆ. ಅದರ ಗೊಡವೆ ಈಗ ಬೇಡ.

ಇಲ್ಲಿ ಆಗುವ ಎಡವಟ್ಟುಗಳು

ಮನೆ ಮರೆಯುವುದು ಎಲ್ಲಕ್ಕಿಂತ ದೊಡ್ಡದು. ಜನಸಂಖ್ಯೆಯ ಅಂಕಿ 13/15 ಅಂತ ಕಂಡಾಗಲೇ ಮುಂದಿನ ಮನೆ ಶುರುವಾಗಿರಬೇಕು. 15/15 ಆದಮೇಲೆ ಕಟ್ಟಲು ಹೊರಟರೆ ಟಿಸಿ ನಿಂತಿತು ಅಂತಲೇ. ಟಿಸಿ ನಿಂತರೆ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡ ಆಟೋದ ಹಾಗೆ, ಗಾಡಿ ಓಡದಿದ್ದರೂ ಮೀಟರ್ ಓಡುತ್ತಿರುತ್ತದೆ.

ಎರಡನೆಯದು, ಹೊಸ ವಿಲೇಜರ್ ಹುಟ್ಟಿ ಟಿಸಿ ಬಾಗಿಲಲ್ಲೇ ನಿಂತಿರುವುದು. ಟಿಸಿ ಸೆಲೆಕ್ಟ್ ಮಾಡಿ ಒಂದು ಮರದ ಮೇಲೆ ರೈಟ್ ಕ್ಲಿಕ್ ಮಾಡಿ, ಮುಂದೆ ಹುಟ್ಟಿದವರೆಲ್ಲ ತಾವೇ ಹೋಗಿ ಆ ಮರ ಕಡಿಯುತ್ತಾರೆ. ಇದಕ್ಕೆ ಗ್ಯಾದರ್ ಪಾಯಿಂಟ್ ಅಂತಾರೆ. ಪಟ್ಟಿಯ ಪ್ರಕಾರ ಇದನ್ನು ಬದಲಾಯಿಸುತ್ತಾ ಹೋಗಿ.

ಮೂರನೆಯದು ಶುರುವಿನ 200 ಕಲ್ಲು. ಹೆದರಿಕೆಯಿಂದ ಕಾವಲು ಗೋಪುರ ಕಟ್ಟಿ ಅದನ್ನು ಕರಗಿಸಿಬಿಡುತ್ತಾರೆ. ಮುಟ್ಟಬೇಡಿ. ಆ ಕಲ್ಲಿಗೆ ಐದನೇ ಹಂತದಲ್ಲಿ ಕೆಲಸ ಇದೆ.

ಹಂತ 4: ಫ್ಯೂಡಲ್ ಯುಗ ದಾಟುವುದು

ಫ್ಯೂಡಲ್‌ಗೆ ಏರಲು 130 ಸೆಕೆಂಡ್ ಬೇಕು, ಅಷ್ಟು ಹೊತ್ತು ಟಿಸಿಯಿಂದ ಹೊಸಬರು ಬರುವುದಿಲ್ಲ. ಈ ಬಿಡುವಿನಲ್ಲಿ ಕಾಲಾಳುಗಳನ್ನು ತಯಾರಿಸುವ ಬ್ಯಾರಕ್ಸ್ ಕಟ್ಟಿ, 175 ಮರ. ಬಿಲ್ಲುಗಾರರ ಆರ್ಚರಿ ರೇಂಜ್, ಕುದುರೆ ಸವಾರರ ಸ್ಟೇಬಲ್ ಎರಡಕ್ಕೂ ಅದು ಮೊದಲು ಇರಲೇಬೇಕು. ಮೂರ್ನಾಲ್ಕು ಜನರನ್ನು ಚಿನ್ನಕ್ಕೆ ಹಾಕಿ, ಪಕ್ಕದಲ್ಲಿ ಚಿನ್ನ ತಂದು ಹಾಕುವ ಮೈನಿಂಗ್ ಕ್ಯಾಂಪ್.

ಯುಗ ಬದಲಾದ ತಕ್ಷಣ ಮೂರು ಕೆಲಸ. ಮೊದಲು ಎಚ್, ಕ್ಯೂ. ಆಮೇಲೆ ಲಂಬರ್ ಕ್ಯಾಂಪ್‌ನಲ್ಲಿ ಡಬಲ್ ಬಿಟ್ ಆಕ್ಸ್, ಮರ ಕಡಿಯುವುದು ಚುರುಕಾಗುತ್ತದೆ. ಆಮೇಲೆ ಮಿಲ್‌ನಲ್ಲಿ ಹಾರ್ಸ್ ಕಾಲರ್, ಹೊಲದಿಂದ ಸಿಗುವ ಆಹಾರ ಹೆಚ್ಚುತ್ತದೆ. ಹೊಲಗಳನ್ನು ಸಾಲಾಗಿ ಹಾಕುವ ಮೊದಲೇ ಇದನ್ನು ಮಾಡಿಕೊಳ್ಳುವುದು ಒಳ್ಳೆಯದು.

ಒಂದು ಟಿಸಿ ನಿಲ್ಲದೆ ವಿಲೇಜರ್ ಕೊಡಬೇಕಾದರೆ ಸುಮಾರು ಆರು ಹೊಲ ಬೇಕು. ಇದು ನೆನಪಿರಲಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಅದರ ಮೇಲೆ ಕ್ಯಾಸಲ್‌ಗೆ ಬೇಕಾದ 800 ಆಹಾರ ಕೂಡಬೇಕಾದರೆ ಇನ್ನೂ ಆರೇಳು ಹೊಲ.

ಈ ಯುಗದಲ್ಲೇ ಮೊದಲ ದಾಳಿ ಬರುವುದು. ಇಷ್ಟು ಬೇಗ ಬರುವ ದಾಳಿಗೆ 'ರಷ್' ಅಂತಾರೆ. ಕುದುರೆ ಸ್ಕೌಟ್‌ಗಳು ಬಂದರೆ ಸ್ಪಿಯರ್‌ಮನ್ ಅಂದರೆ ಭರ್ಜಿಯವರನ್ನು ಮಾಡಿ, ಒಬ್ಬನಿಗೆ 35 ಆಹಾರ, 25 ಮರ. ಬಿಲ್ಲುಗಾರರು ಬಂದರೆ ಆರ್ಚರಿ ರೇಂಜ್‌ನಲ್ಲಿ ಸ್ಕರ್ಮಿಷರ್, ಅಂದರೆ ಈಟಿ ಎಸೆಯುವವರು, 25 ಆಹಾರ, 35 ಮರ. ಎರಡಕ್ಕೂ ಚಿನ್ನ ಬೇಡ. ನಾಲ್ಕೈದು ಜನ ಸಾಕು. ಊರಿಗೆ ಬರುವ ಕಿರಿದಾದ ದಾರಿಗಳನ್ನು ಮರದ ಬೇಲಿ ಹಾಕಿ ಮುಚ್ಚಿ, ಬೇಲಿಗೆ ಕಾಡಿನ ಮರಗಳನ್ನೇ ಗೋಡೆಯಂತೆ ಸೇರಿಸಿಕೊಂಡರೆ ಖರ್ಚು ಕಡಿಮೆ. ಗೇಟ್ ಇಡಲು ಮರೆಯಬೇಡಿ.

ಇಬ್ಬರು ಶತ್ರುಗಳು ಕಾಣಿಸಿದರು ಅಂತ ಟೌನ್ ಬೆಲ್ ಬಾರಿಸಬೇಡಿ. ಅದನ್ನು ಒತ್ತಿದರೆ ಊರಿನ ವಿಲೇಜರ್‌ಗಳೆಲ್ಲ ಕೆಲಸ ಬಿಟ್ಟು ಒಳಗೆ ಓಡುತ್ತಾರೆ. ಎದುರಾಳಿಗೆ ಬೇಕಾದದ್ದೂ ಅದೇ. ಎಲ್ಲಿ ದಾಳಿ ಆಗಿದೆಯೋ ಅಲ್ಲಿನ ನಾಲ್ವರನ್ನು ಮಾತ್ರ ಆಚೆ ತೆಗೆದುಕೊಂಡು ಹೋಗಿ.

ಕ್ಯಾಸಲ್‌ಗೆ ಬೇಕಾದ ಎರಡು ಕಟ್ಟಡ: ಬ್ಲ್ಯಾಕ್‌ಸ್ಮಿತ್, ಜೊತೆಗೆ ಮಾರ್ಕೆಟ್, ಸ್ಟೇಬಲ್, ಆರ್ಚರಿ ರೇಂಜ್ ಇವುಗಳಲ್ಲೊಂದು. ಕುದುರೆ ಸೈನ್ಯದ ಯೋಚನೆ ಇದ್ದರೆ ಸ್ಟೇಬಲ್.

ಹಂತ 5: ಕ್ಯಾಸಲ್ ಯುಗದಲ್ಲಿ ಊರು ಬೆಳೆಸುವುದು

ಇಲ್ಲಿ ಇನ್ನೂ ಎರಡು ಟಿಸಿ ಕಟ್ಟಿ. ಒಂದಕ್ಕೆ 275 ಮರ, 100 ಕಲ್ಲು. ಈಗ ಆ 200 ಕಲ್ಲಿನ ಲೆಕ್ಕ ಸರಿಹೋಯಿತಲ್ವಾ? ಒಬ್ಬರನ್ನೂ ಕಲ್ಲು ಒಡೆಯಲು ಕಳಿಸದೆ ಎರಡು ಟಿಸಿ ಬಂದವು. ಒಂದನ್ನು ಕಾಡಿನ ಪಕ್ಕ, ಇನ್ನೊಂದನ್ನು ಚಿನ್ನದ ಪಕ್ಕ ಕಟ್ಟಿದರೆ ಸುತ್ತ ಹೊಲ ಹಾಕಲೂ ಜಾಗ, ಕೆಲಸಗಾರರಿಗೆ ರಕ್ಷಣೆಯೂ ಆಯಿತು.

ಮೂರು ಟಿಸಿಯಿಂದಲೂ ವಿಲೇಜರ್ ಬರುತ್ತಿರಬೇಕು. ಹೀಗೆ ಜನಸಂಖ್ಯೆಯನ್ನು ದಿಢೀರ್ ಏರಿಸುವುದಕ್ಕೆ 'ಬೂಮ್' ಅಂತಾರೆ. ಮೂರು ಟಿಸಿ ಅಂದರೆ ವಿಲೇಜರ್‌ಗಳಿಗೇ ಹದಿನೆಂಟು ಹೊಲ, ಅದಕ್ಕೆ ಬಹಳ ಮರ ಬೇಕು. ಹೊಸಬರ ಹತ್ತಿರ ಈ ಹಂತದಲ್ಲಿ ಚಿನ್ನ ರಾಶಿ ಬಿದ್ದಿರುತ್ತದೆ, ಮರ ಸೊನ್ನೆ. ಮರಕ್ಕೆ ಇಪ್ಪತ್ತು ಜನ ಇದ್ದರೂ ಜಾಸ್ತಿ ಅನ್ನಿಸಬಾರದು. ಮನೆಗಳನ್ನೂ ಎರಡೆರಡು ಒಟ್ಟಿಗೆ ಕಟ್ಟಿ. ಸಾಮಾನ್ಯ ಪಂದ್ಯದಲ್ಲಿ ಒಟ್ಟು ಜನಸಂಖ್ಯೆಯ ಮಿತಿ 200, ಅದರಲ್ಲಿ 100ರಿಂದ 120 ವಿಲೇಜರ್‌ಗಳಿರುವುದು ಮಾಮೂಲು. ಹೊಸಬರು 40ಕ್ಕೇ 'ಸಾಕು' ಅಂತ ನಿಲ್ಲಿಸಿಬಿಡುತ್ತಾರೆ. ಸಾಲದು.

ಹೊಲ ಬರಿದಾದಾಗ ತಾನಾಗಿ ಮತ್ತೆ ಬಿತ್ತುವ ಬಟನ್ ಮಿಲ್‌ನಲ್ಲಿದೆ, ಆನ್ ಮಾಡಿಕೊಳ್ಳಿ. ಹಳೆಯ ಕಾಲದಲ್ಲಿ ಇದನ್ನು ಕೈಯಾರೆ ಮಾಡಬೇಕಿತ್ತು. ಆ ಕಷ್ಟವನ್ನು ಹೊಗಳುವವರು ಇನ್ನೂ ಇದ್ದಾರೆ, ನನಗಂತೂ ಅದರಲ್ಲಿ ಯಾವ ಸೊಗಸೂ ಕಂಡಿಲ್ಲ.

ಮೇಲಿನ ನಾಲ್ಕು ಅಂಕಿಗಳನ್ನು ಆಗಾಗ ನೋಡುತ್ತಿರಿ. ಯಾವುದಾದರೂ ಒಂದು ಸಾವಿರ ದಾಟಿದ್ದರೆ ನೀವು ಶ್ರೀಮಂತರು ಅಂತಲ್ಲ, ಖರ್ಚು ಮಾಡುವುದನ್ನು ಮರೆತಿದ್ದೀರಿ ಅಂತ. ಇಂಪೀರಿಯಲ್‌ಗೆ ಕೂಡಿಡುತ್ತಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಇನ್ನೊಂದು ಸ್ಟೇಬಲ್ ಕಟ್ಟಿ, ಅಪ್‌ಗ್ರೇಡ್ ಮಾಡಿ, ಇಲ್ಲವೇ ಅಲ್ಲಿದ್ದವರನ್ನು ಬೇರೆ ಕೆಲಸಕ್ಕೆ ಎಬ್ಬಿಸಿ.

ಹಂತ 6: ಯಾರಿಗೆ ಯಾರು ಮದ್ದು

ಒಂದು ಬಗೆಯ ಸೈನಿಕರನ್ನು ಸುಲಭವಾಗಿ ಸೋಲಿಸುವ ಇನ್ನೊಂದು ಬಗೆಗೆ 'ಕೌಂಟರ್' ಅಂತಾರೆ. ಉದ್ದದ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಭರ್ಜಿ ಕುದುರೆಯನ್ನು ಕೊಲ್ಲುತ್ತದೆ. ಬಿಲ್ಲುಗಾರರು ಭರ್ಜಿಯವರನ್ನು ಕೊಲ್ಲುತ್ತಾರೆ. ಸ್ಕರ್ಮಿಷರ್‌ಗಳು ಬಿಲ್ಲುಗಾರರನ್ನು ಕೊಲ್ಲುತ್ತಾರೆ. ಕುದುರೆ ಸ್ಕರ್ಮಿಷರ್‌ಗಳ ಮೇಲೆ ಹರಿದುಹೋಗುತ್ತದೆ. ಈ ನಾಲ್ಕು ಗೊತ್ತಿದ್ದರೆ ಫ್ಯೂಡಲ್‌ನಲ್ಲೂ ಕ್ಯಾಸಲ್‌ನಲ್ಲೂ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ.

ಕ್ಯಾಸಲ್‌ನಲ್ಲಿ ಇನ್ನು ಕೆಲವರು ಸೇರುತ್ತಾರೆ. ನೈಟ್ ಅಂದರೆ ಕವಚ ತೊಟ್ಟ ಕುದುರೆ ಸವಾರ, 60 ಆಹಾರ, 75 ಚಿನ್ನ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಸೈನಿಕ ಇಲ್ಲ: ಗಟ್ಟಿ, ವೇಗ, ಕೈತಪ್ಪಿದರೂ ಓಡಿಸಿಕೊಂಡು ಬರಬಹುದು. ಮಾಂಕ್ ಅಂದರೆ ಸನ್ಯಾಸಿ, ಮಂತ್ರ ಹಾಕಿದ ಹಾಗೆ ಶತ್ರುವಿನ ನೈಟ್‌ನನ್ನೇ ನಿಮ್ಮ ಕಡೆ ಎಳೆದುಕೊಳ್ಳುತ್ತಾನೆ. ಮ್ಯಾಂಗೊನೆಲ್ ಅಂದರೆ ಕಲ್ಲೆಸೆಯುವ ಯಂತ್ರ. ಗುಂಪಾಗಿ ನಿಂತ ಬಿಲ್ಲುಗಾರರ ಮೇಲೆ ಒಂದು ಏಟು ಸರಿಯಾಗಿ ಬಿದ್ದರೆ ಕಥೆ ಮುಗಿಯಿತು. ಆದರೆ ಜೋಕೆ, ಆ ಕಲ್ಲಿಗೆ ನಿಮ್ಮವರು, ಅವರು ಎಂಬ ಭೇದ ಇಲ್ಲ. ನಿಮ್ಮ ಸೈನಿಕರು ಮುನ್ನುಗ್ಗಿ ಕೈಕೈ ಮಿಲಾಯಿಸಿದ್ದರೆ ಮ್ಯಾಂಗೊನೆಲ್ ನಿಲ್ಲಿಸಿ.

ಕಟ್ಟಡ ಕೆಡವಲು ರ‍್ಯಾಮ್ ಬೇಕು, ಅಂದರೆ ಬಾಗಿಲಿಗೆ ಗುದ್ದುವ ದಿಮ್ಮಿಯ ಗಾಡಿ. ಬಾಣಗಳು ಅದಕ್ಕೆ ಹೆಚ್ಚೇನೂ ಮಾಡುವುದಿಲ್ಲ, ಕತ್ತಿ ಹಿಡಿದವರು ಹತ್ತಿರ ಬಂದರೆ ಮಾತ್ರ ಪುಡಿ. ಒಳಗೆ ಕಾಲಾಳುಗಳನ್ನು ಕೂರಿಸಿದರೆ ಗಾಡಿ ವೇಗವಾಗಿ ಹೋಗುತ್ತದೆ. ಟಿಸಿಗೆ, ಕೋಟೆಗೆ ನೈಟ್‌ಗಳನ್ನು ಗುದ್ದಾಡಲು ಬಿಟ್ಟು ಎಲ್ಲರನ್ನೂ ಸಾಯಿಸಿಕೊಳ್ಳುವುದು ಹೊಸಬರ ಮಾಮೂಲಿ ತಪ್ಪು.

ದಾಳಿಗೆ ಹೊರಟಾಗಲೂ ಟಿಸಿ ನಿಲ್ಲಬಾರದು. ಸೈನ್ಯವನ್ನು ದಾರಿಗೆ ಹಚ್ಚಿ, ಅದು ನಡೆಯುತ್ತಿರುವಷ್ಟು ಹೊತ್ತು ಊರಿಗೆ ಮರಳಿ ಕೆಲಸ ನೋಡಿ. ಎದುರಾಳಿಯ ಊರು ಮುಟ್ಟಿದ ಮೇಲೆ ಮೊದಲ ಗುರಿ ಅವನ ಸೈನಿಕರಲ್ಲ, ಮರ ಕಡಿಯುತ್ತಿರುವ ವಿಲೇಜರ್‌ಗಳು.

ಹಂತ 7: ಯಾವ ನಾಗರಿಕತೆ?

ಫ್ರಾಂಕ್ಸ್. ಮುಗೀತು. ಅವರ ಕುದುರೆ ಸವಾರರಿಗೆ ಪ್ರಾಣ ಜಾಸ್ತಿ, ಹೊಲದ ಅಪ್‌ಗ್ರೇಡ್‌ಗಳು ಪುಕ್ಕಟೆ, ಕೋಟೆ ಅಗ್ಗ. ಯೋಚಿಸಬೇಕಾದ ವಿಷಯಗಳೇ ಕಡಿಮೆ. ಬಿಲ್ಲುಗಾರರೇ ಇಷ್ಟ ಅನ್ನುವವರಿಗೆ ಬ್ರಿಟನ್ಸ್, ಅವರ ಕುರಿ ಕಡಿಯುವವರು ಚುರುಕು, ಟಿಸಿಗೆ ಬೇಕಾದ ಮರವೂ ಕ್ಯಾಸಲ್‌ನಿಂದ ಅರ್ಧ.

"ನಮ್ಮವರು ಯಾರೂ ಇಲ್ವಾ?" ಅಂತ ಕೇಳುವವರಿಗೆ: ಇದ್ದಾರೆ. 2022ರಲ್ಲಿ ಬಂದ 'ಡೈನಾಸ್ಟೀಸ್ ಆಫ್ ಇಂಡಿಯಾ' ಪ್ಯಾಕ್‌ನಲ್ಲಿ ಬೆಂಗಾಲಿ, ಗುರ್ಜರ, ದ್ರಾವಿಡ ನಾಗರಿಕತೆಗಳು ಸೇರಿದವು. ದಕ್ಷಿಣ ಭಾರತವೆಲ್ಲ ದ್ರಾವಿಡರ ಒಂದೇ ಹೆಸರಿನಡಿ ಬರುತ್ತದೆ, ಸೈನಿಕರು ಮಾತಾಡುವುದು ತಮಿಳು. ಬಳುಕುವ ಉರುಮಿ ಕತ್ತಿಯ ಸೈನಿಕ ಇವರ ವಿಶೇಷ. ಪ್ರತಿ ಯುಗಕ್ಕೆ ಏರಿದಾಗ 200 ಮರ ಉಚಿತವಾಗಿ ಸಿಗುತ್ತದೆ, ಹೊಲ ಹಾಕುವ ಹೊತ್ತಿಗೆ ಅದು ದೊಡ್ಡ ಸಹಾಯ. ಆದರೆ ಇವರಿಗೆ ನೈಟ್ ಇಲ್ಲ, ಹಾಗಾಗಿ ಹೊಸಬರಿಗೆ ಕಷ್ಟ. ಈ ಪ್ಯಾಕ್‌ನಲ್ಲಿ ರಾಜೇಂದ್ರ ಚೋಳನ ಕಥೆಯೂ ಇದೆ. ಕಲ್ಯಾಣದ ಚಾಲುಕ್ಯರ ಜೊತೆ ಹೊಡೆದಾಡಿದವನು ಅವನು. ಕನ್ನಡಿಗರು ಅವನ ಕಡೆ ನಿಂತು ಆಡುವಾಗ ಸ್ವಲ್ಪ ಇರಿಸುಮುರಿಸು ಆದರೆ ಆಶ್ಚರ್ಯ ಇಲ್ಲ!

ಹಂತ 8: ಅಭ್ಯಾಸದ ದಾರಿ

ಮೊದಲು ವಿಲಿಯಂ ವ್ಯಾಲೇಸ್ ಕಥೆ ಆಡಿ. ಏಳು ಸಣ್ಣ ಪಂದ್ಯಗಳು, ಒಂದೊಂದರಲ್ಲಿ ಒಂದೊಂದು ಪಾಠ. ಸ್ಕಾಟ್ಲೆಂಡಿನ ವ್ಯಾಲೇಸ್ 1298ರಲ್ಲಿ ಫಾಲ್ಕರ್ಕ್‌ನಲ್ಲಿ ಇಂಗ್ಲಿಷರ ಎದುರು ಸೋತ. ಆಟದಲ್ಲಿ ಮಾತ್ರ ನೀವು ಅಲ್ಲಿ ಗೆಲ್ಲಬೇಕು, ಹಾಗಾಗಿ ಇತಿಹಾಸದ ಪರೀಕ್ಷೆಗೆ ಇದನ್ನು ನಂಬಿ ಕೂರಬೇಡಿ.

ಆಮೇಲೆ 'ಆರ್ಟ್ ಆಫ್ ವಾರ್' ವಿಭಾಗಕ್ಕೆ ಹೋಗಿ. ಅದರಲ್ಲಿ 'ಅರ್ಲಿ ಎಕಾನಮಿ' ಅನ್ನುವ ಪಾಠ ಮೂರನೇ ಹಂತದಲ್ಲಿ ಹೇಳಿದ್ದನ್ನೇ ಮಾಡಿಸುತ್ತದೆ, ವೇಗ ನೋಡಿ ಕಂಚು, ಬೆಳ್ಳಿ, ಚಿನ್ನದ ಪದಕ ಕೊಡುತ್ತದೆ. ಬೆಳ್ಳಿ ಬರುವವರೆಗೆ ಅದನ್ನೇ ಆಡಿ. ಬೇಜಾರಾಗುತ್ತದೆ, ಆದರೂ ಆಡಿ.

ಅನಂತರ ಕಂಪ್ಯೂಟರ್ ಎದುರು. 'ಸ್ಟ್ಯಾಂಡರ್ಡ್' ಮಟ್ಟದಿಂದ ಶುರು ಮಾಡಿ 'ಮಾಡರೇಟ್', 'ಹಾರ್ಡ್' ಕಡೆ ಹೋಗಿ. ನಕ್ಷೆ ಅರೇಬಿಯಾ ಇರಲಿ, ಬಯಲು ಜಾಗ, ಎಲ್ಲ ಅಭ್ಯಾಸವೂ ಆಗುತ್ತದೆ. ಪ್ರತಿ ಆಟಕ್ಕೂ ಬೇರೆ ನಕ್ಷೆ, ಬೇರೆ ನಾಗರಿಕತೆ ಅಂತ ಹಾರಬೇಡಿ.

ಸೋತಾಗ ರೆಕಾರ್ಡ್ ಆದ ಆಟವನ್ನು ತೆಗೆದು ಮೊದಲ ಹತ್ತು ನಿಮಿಷ ಮಾತ್ರ ನೋಡಿ. ಯುದ್ಧ ನೋಡಬೇಡಿ. ಟಿಸಿ ಎಲ್ಲಿ ಸುಮ್ಮನೆ ನಿಂತಿದೆ ಅಂತ ಹುಡುಕಿ: ಮನೆ ಇಲ್ಲದೆಯೋ, ಆಹಾರ ಇಲ್ಲದೆಯೋ, ಮರೆವಿನಿಂದಲೋ. ಮನೆ ಆದರೆ ಮುಂದಿನ ಆಟದಲ್ಲಿ ಒಂದು ಮನೆ ಬೇಗ ಕಟ್ಟಿ. ಆಹಾರ ಆದರೆ ಹಂದಿ ತಡವಾಗಿದೆ, ಇಲ್ಲವೇ ಮರಕ್ಕೆ ಜನ ಬೇಗ ಹೋಗಿದ್ದಾರೆ. ಮರೆವಾದರೆ ಎಚ್, ಕ್ಯೂ.

ಹಾರ್ಡ್ ಕಂಪ್ಯೂಟರನ್ನು ಎರಡು ಮೂರು ಸಲ ಸತತವಾಗಿ ಸೋಲಿಸಿದ ಮೇಲೆ ಆನ್‌ಲೈನ್ ರ‍್ಯಾಂಕ್ಡ್ ಪಂದ್ಯಕ್ಕೆ ಇಳಿಯಬಹುದು. ಅಲ್ಲಿ ಎಲ್ಲರಿಗೂ ಶುರುವಿನ ಅಂಕ 1000, ಅದು ನಿಮ್ಮ ಮಟ್ಟಕ್ಕಿಂತ ಮೇಲಿರುತ್ತದೆ. ಮೊದಲ ಕೆಲವು ಪಂದ್ಯ ಸಾಲಾಗಿ ಸೋಲುತ್ತೀರಿ, ಅಂಕ ಇಳಿಯುತ್ತದೆ, ಆಮೇಲೆ ನಿಮ್ಮಂಥವರೇ ಎದುರಿಗೆ ಬರುತ್ತಾರೆ. ಅಲ್ಲಿಯವರೆಗೆ ಆಟ ಅಳಿಸಿಹಾಕಬೇಡಿ. ಎದುರಾಳಿ 11 ಅಂತ ಟೈಪ್ ಮಾಡಿ ನಗುವಿನ ಸದ್ದು ಬರಿಸಿದರೆ ಅದು ತಮಾಷೆ, ಬೈಗುಳ ಅಲ್ಲ. ಸೋಲು ಖಚಿತ ಅನ್ನಿಸಿದಾಗ 'ಜಿಜಿ' ಅಂತ ಬರೆದು, ಅಂದರೆ ಒಳ್ಳೆಯ ಆಟ ಆಡಿದಿರಿ ಅಂತ ಹೇಳಿ, ಮೆನುವಿನಲ್ಲಿ ರಿಸೈನ್ ಒತ್ತಿ. ಉಳಿದ ಒಬ್ಬ ವಿಲೇಜರ್‌ನನ್ನು ಕಾಡಿನ ಮೂಲೆಯಲ್ಲಿ ಬಚ್ಚಿಟ್ಟು ಅರ್ಧ ಗಂಟೆ ಆಟ ಎಳೆದರೆ ಯಾರಿಗೂ ಇಷ್ಟ ಆಗುವುದಿಲ್ಲ.